ಮಕ್ಕಳಿಗೆ ಮೌನದ ಹಕ್ಕು ಸಿಕ್ಕಿದೆ, ಮಾತಿನ ಹಕ್ಕು?

ಮಳೆಗಾಲ ಶುರುವಾಗಿ ಶಾಲೆಗಳು ಒಂದು ಹದಕ್ಕೆ ಬರುವ ಹೊತ್ತಿಗೆ ಕರ್ನಾಟಕದ ಎಷ್ಟೋ ಕಡೆ ಒಂದು ಚುನಾವಣೆ ನಡೆಯುತ್ತದೆ. ಶಾಲಾ ಸಂಸತ್ತಿನ ಚುನಾವಣೆ. ನಾಮಪತ್ರ, ಚಿಹ್ನೆ, ಪ್ರಚಾರ, ಬೆರಳಿಗೆ ಶಾಯಿ ಎಲ್ಲವೂ ಇರುತ್ತದೆ. ಮೊಬೈಲನ್ನೇ ಮತಯಂತ್ರ ಮಾಡಿ ವೋಟು ಹಾಕಿಸುವ ಮೇಷ್ಟ್ರುಗಳೂ ಇದ್ದಾರೆ. ಗೆದ್ದವರು ಪ್ರಮಾಣವಚನ ತೆಗೆದುಕೊಳ್ಳುತ್ತಾರೆ. ಒಬ್ಬರು ಮುಖ್ಯಮಂತ್ರಿ, ಒಬ್ಬರು ಆರೋಗ್ಯ ಮಂತ್ರಿ, ಒಬ್ಬರು ವಿರೋಧ ಪಕ್ಷದ ನಾಯಕಿ. ಫೋಟೊ ಪತ್ರಿಕೆಯಲ್ಲಿ ಬರುತ್ತದೆ.

ಈಗ ಆ ಆರೋಗ್ಯ ಮಂತ್ರಿ ಒಂದು ದಿನ, ಶೌಚಾಲಯಕ್ಕೆ ನೀರಿಲ್ಲ ಅಂತ ವಿಡಿಯೊ ಮಾಡಿ ಹಾಕಿದಳು ಎಂದುಕೊಳ್ಳಿ. ಆಮೇಲೆ ಏನಾಗುತ್ತದೆ? ಅಪ್ಪ ಅಮ್ಮನನ್ನು ಕರೆಸುತ್ತಾರೆ. ಶಾಲೆಯ ಮಾನ ಹರಾಜು ಹಾಕಿದಳು ಎನ್ನುತ್ತಾರೆ. ಯಾರು ಹೇಳಿಕೊಟ್ಟರು ಅಂತ ವಿಚಾರಿಸುತ್ತಾರೆ. ಈ ಕೊನೆಯ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ. ಮಗು ತಾನಾಗಿಯೇ ಏನನ್ನಾದರೂ ಯೋಚಿಸಿರಬಹುದು ಎಂಬುದನ್ನು ನಾವು ಸುಲಭಕ್ಕೆ ಒಪ್ಪುವುದಿಲ್ಲ.

‘ಶಾಲೆಯಲ್ಲಿ ರಾಜಕೀಯ ಬೇಡ’ ಎಂಬ ಮಾತನ್ನು ಎಲ್ಲ ಪಕ್ಷದವರೂ ಹೇಳುತ್ತಾರೆ. ಕೇಳಲು ಚೆನ್ನಾಗಿಯೂ ಇದೆ. ಆದರೆ ಶಾಲೆಯೊಳಗೆ ರಾಜಕೀಯ ಇಲ್ಲದ ಕಾಲ ಯಾವುದಿತ್ತು? 2022ರಲ್ಲಿ ರಾಜ್ಯದ ಪಠ್ಯಪುಸ್ತಕ ಪರಿಷ್ಕರಣೆಯ ಬಗ್ಗೆ ತಿಂಗಳುಗಟ್ಟಲೆ ಜಗಳ ನಡೆಯಿತು. 2023ರಲ್ಲಿ ಸರ್ಕಾರ ಬದಲಾದ ಮೇಲೆ ಪಾಠಗಳು ಮತ್ತೆ ಬದಲಾದವು. ಓದಬೇಕಾದ ಮಕ್ಕಳನ್ನು ಎರಡು ಸಲವೂ ಯಾರೂ ಒಂದು ಮಾತು ಕೇಳಲಿಲ್ಲ. ಬಿಸಿಯೂಟಕ್ಕೆ ಮೊಟ್ಟೆ ಕೊಡಬೇಕೋ ಬೇಡವೋ ಎಂದು 2021ರ ಕೊನೆಯಲ್ಲಿ ಮಠಾಧೀಶರು, ಮಂತ್ರಿಗಳು, ಸಂಘಟನೆಗಳು ಎಲ್ಲರೂ ಮಾತಾಡಿದರು. ಆಗ ಗಂಗಾವತಿಯ ಒಬ್ಬ ವಿದ್ಯಾರ್ಥಿನಿ ಮೈಕಿನ ಮುಂದೆ ನಿಂತು, ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂಬರ್ಥದಲ್ಲಿ ಗುಡುಗಿದಳು. ವಿಡಿಯೊ ಊರೂರು ಸುತ್ತಿತು. ಅರ್ಧ ಜನ ಭಲೇ ಎಂದರು. ಇನ್ನರ್ಧ ಜನ, ಇಷ್ಟು ಚಿಕ್ಕ ಹುಡುಗಿಗೆ ಇದೆಲ್ಲ ಯಾಕೆ ಎಂದರು. ತಟ್ಟೆ ಅವಳದು, ಹಸಿವೂ ಅವಳದೇ. ಅವಳು ಬಾಯಿ ತೆರೆದ ಮೇಲಷ್ಟೇ ಕೆಲವರಿಗೆ ಅದು ‘ರಾಜಕೀಯ’ವಾಗಿ ಕಂಡಿತು.

ಹಾಗಾಗಿ ಶಾಲೆಗೆ ರಾಜಕೀಯ ಬರಬೇಕೇ ಬೇಡವೇ ಎಂದು ಕೇಳಿ ಪ್ರಯೋಜನವಿಲ್ಲ. ಅದು ಬಂದು ಕೂತು ಬಹಳ ಕಾಲವಾಯಿತು. ಕೇಳಬೇಕಾದ್ದು ಎರಡು. ಅಲ್ಲಿ ಮಾತಾಡುತ್ತಿರುವುದು ಮಗುವೋ, ಮಗುವಿನ ಬಾಯಲ್ಲಿ ದೊಡ್ಡವರೋ? ಮಗುವೇ ಮಾತಾಡಿದ್ದರೆ, ಅದನ್ನು ತಡೆಯಲು ಶಾಲೆ ಯಾವ ಕಾರಣ ತೋರಿಸಬೇಕು?

ಸುತ್ತೋಲೆ ಕಾನೂನಲ್ಲ

ಸಂವಿಧಾನದ 19(1)(ಎ) ವಿಧಿ ಎಲ್ಲ ನಾಗರಿಕರಿಗೂ ಮಾತಿನ ಸ್ವಾತಂತ್ರ್ಯ ಕೊಡುತ್ತದೆ. ವೋಟು ಹಾಕಲು 18 ತುಂಬಬೇಕು. ಮಾತಾಡಲು ಇಂತಿಷ್ಟು ವಯಸ್ಸಾಗಿರಬೇಕು ಎಂದು ಎಲ್ಲೂ ಬರೆದಿಲ್ಲ. ಆ ಸ್ವಾತಂತ್ರ್ಯಕ್ಕೆ ಯಾವ ಕಾರಣಕ್ಕೆ ಮಿತಿ ಹಾಕಬಹುದು ಎಂಬುದು 19(2)ರಲ್ಲಿದೆ. ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಪಟ್ಟಿ ಅಷ್ಟೇ. ‘ಶಾಲೆಯ ಶಿಸ್ತು’ ಅದರಲ್ಲಿಲ್ಲ. ಮಿತಿ ಹಾಕುವುದಾದರೂ ಅದು ಕಾನೂನಿನ ಮೂಲಕ ಆಗಬೇಕು.

ಇದನ್ನು ಸುಪ್ರೀಂ ಕೋರ್ಟ್ ಬಹಳ ಹಿಂದೆಯೇ ಬಿಡಿಸಿ ಹೇಳಿದೆ. 1985ರಲ್ಲಿ ಕೇರಳದ ಒಂದು ಶಾಲೆಯಲ್ಲಿ ಅಣ್ಣ ಮತ್ತು ಇಬ್ಬರು ತಂಗಿಯರು ಓದುತ್ತಿದ್ದರು. ಅವರು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರು. ಬೆಳಗಿನ ಪ್ರಾರ್ಥನೆಯಲ್ಲಿ ರಾಷ್ಟ್ರಗೀತೆ ಶುರುವಾದರೆ ಎಲ್ಲರ ಜೊತೆ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ತಮ್ಮ ನಂಬಿಕೆಯಲ್ಲಿ ದೇವರನ್ನು ಬಿಟ್ಟು ಬೇರೆ ಯಾರನ್ನೂ ಹಾಡಿ ಹೊಗಳುವಂತಿಲ್ಲ ಎಂಬುದು ಅವರ ಕಾರಣ. ವರ್ಷಗಟ್ಟಲೆ ಇದು ಯಾರಿಗೂ ತೊಂದರೆಯಾಗಿರಲಿಲ್ಲ. ಶಾಸಕರೊಬ್ಬರ ಕಣ್ಣಿಗೆ ಬಿತ್ತು, ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಿತು. ವಿಚಾರಣೆಗೆ ಒಂದು ಸಮಿತಿ ಮಾಡಿದರು. ಈ ಮಕ್ಕಳು ರಾಷ್ಟ್ರಗೀತೆಗೆ ಅಗೌರವ ತೋರಿಸಿಲ್ಲ ಎಂದು ಸಮಿತಿಯೇ ಹೇಳಿತು. ಆದರೂ ಶಿಕ್ಷಣ ಇಲಾಖೆಯ ಅಧಿಕಾರಿಯ ಸೂಚನೆಯಂತೆ ಮುಖ್ಯೋಪಾಧ್ಯಾಯಿನಿ 1985ರ ಜುಲೈ 26ರಂದು ಮೂವರನ್ನೂ ಶಾಲೆಯಿಂದ ಹೊರಗೆ ಹಾಕಿದರು.

ಕೇರಳ ಹೈಕೋರ್ಟ್‌ನಲ್ಲಿ ಮಕ್ಕಳು ಎರಡು ಹಂತದಲ್ಲೂ ಸೋತರು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್‌ನಲ್ಲಿ ಗೆದ್ದರು. ಬಿಜೋ ಇಮ್ಯಾನುಯೆಲ್ ಪ್ರಕರಣ ಎಂದು ಕರೆಯುವುದು ಇದನ್ನೇ. ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಬರೆದ ಈ ತೀರ್ಪಿನಲ್ಲಿ ಸಹಿಷ್ಣುತೆಯ ಬಗ್ಗೆ ಇರುವ ಕೊನೆಯ ಸಾಲುಗಳನ್ನು ಎಲ್ಲರೂ ಎತ್ತಿ ಆಡುತ್ತಾರೆ. ನನಗೆ ಅದಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು ಮಧ್ಯದ ಒಂದು ಒಣ ವಾದ. ರಾಷ್ಟ್ರಗೀತೆ ಹಾಡಲೇಬೇಕು ಎಂಬ ಕಾನೂನು ಇಲ್ಲ. ಶಿಕ್ಷಣ ಇಲಾಖೆಯ ಎರಡು ಸುತ್ತೋಲೆಗಳಿದ್ದವು. ಅವುಗಳಿಗೆ ಶಾಸನದ ಬಲವಿಲ್ಲ. ಆದ್ದರಿಂದ ಅವುಗಳನ್ನು ಹಿಡಿದುಕೊಂಡು 19(1)(ಎ) ಹಕ್ಕನ್ನು ಕಿತ್ತುಕೊಳ್ಳುವ ಹಾಗಿಲ್ಲ ಎಂದಿತು ಕೋರ್ಟ್.

ಸುತ್ತೋಲೆಗಳ ಮೇಲೆಯೇ ನಡೆಯುವ ನಮ್ಮ ಶಿಕ್ಷಣ ಇಲಾಖೆಗೆ ಇದು ದೊಡ್ಡ ಪಾಠ. ಅದು ಎಷ್ಟು ಶಾಲೆಗಳಿಗೆ ತಲುಪಿದೆ ಎಂಬುದು ಬೇರೆ ಮಾತು.

ಆದರೆ ಒಂದು ಸಂಗತಿ ಗಮನಿಸಿ. ಆ ಮೂವರು ಕೇಳಿದ್ದು ಸುಮ್ಮನಿರುವ ಹಕ್ಕನ್ನು. ಯಾರಿಗೂ ಕಿರಿಕಿರಿಯಾಗದಂತೆ, ಕೈ ಕಟ್ಟಿ, ನೇರ ನಿಂತು, ಬಾಯಿ ಮುಚ್ಚಿಕೊಂಡಿರುವ ಹಕ್ಕು. ಕೋರ್ಟ್ ಅದನ್ನು ಕೊಟ್ಟಿತು, ಸರಿ. ಬಾಯಿ ತೆರೆದು, ಸರ್ಕಾರದ ಒಂದು ನೀತಿ ತಪ್ಪು ಎನ್ನುವ ಮಗುವಿಗೆ ಏನು ರಕ್ಷಣೆ? ಅದಕ್ಕೆ ಬೀದರ್‌ಗೆ ಬರಬೇಕು.

ಎರಡು ನಾಟಕ

2020ರ ಜನವರಿ 21. ಬೀದರ್‌ನ ಶಾಹೀನ್ ಶಾಲೆಯಲ್ಲಿ 4, 5, 6ನೇ ತರಗತಿಯ ಮಕ್ಕಳು ಒಂದು ನಾಟಕ ಆಡಿದರು. ಪೌರತ್ವ ತಿದ್ದುಪಡಿ ಕಾಯ್ದೆ ಮತ್ತು ಎನ್‌ಆರ್‌ಸಿ (ರಾಷ್ಟ್ರೀಯ ಪೌರತ್ವ ನೋಂದಣಿ) ಬಗ್ಗೆ ದೇಶವೇ ಬೀದಿಗಿಳಿದಿದ್ದ ದಿನಗಳು ಅವು. ದಾಖಲೆ ಕೇಳಲು ಬಂದವರಿಗೆ ಚಪ್ಪಲಿಯಲ್ಲಿ ಹೊಡೆಯುತ್ತೇನೆ ಎಂಬ ಅರ್ಥದ ಮಾತು ಅದರಲ್ಲಿತ್ತು. ವಿಡಿಯೊ ಹೊರಬಂತು. ದೂರು ಬಿತ್ತು. ದೇಶದ್ರೋಹದ ಕಲಂ ಹಾಕಿ ಎಫ್‌ಐಆರ್ ದಾಖಲಾಯಿತು. ಮುಖ್ಯಶಿಕ್ಷಕಿ ಮತ್ತು ಒಬ್ಬ ವಿದ್ಯಾರ್ಥಿನಿಯ ತಾಯಿ ಜೈಲಿಗೆ ಹೋದರು. ಜಾಮೀನು ಸಿಕ್ಕಿದ್ದು ಫೆಬ್ರವರಿ ಮಧ್ಯದಲ್ಲಿ. ಪೊಲೀಸರು ಶಾಲೆಗೆ ಮತ್ತೆ ಮತ್ತೆ ಬಂದು ಮಕ್ಕಳನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳಿದರು. ಈ ಮಾತು ನಿನಗೆ ಹೇಳಿಕೊಟ್ಟವರು ಯಾರು ಎಂಬುದೇ ಅವರ ಪ್ರಶ್ನೆಯ ತಿರುಳು. ಸಮವಸ್ತ್ರ ತೊಟ್ಟು, ಆಯುಧ ಇಟ್ಟುಕೊಂಡು ಮಕ್ಕಳನ್ನು ವಿಚಾರಿಸಿದ್ದು ಮೇಲ್ನೋಟಕ್ಕೇ ಮಕ್ಕಳ ಹಕ್ಕಿನ ಉಲ್ಲಂಘನೆ ಎಂದು 2021ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿತು.

2023ರ ಜೂನ್ 14ರಂದು ಹೈಕೋರ್ಟ್‌ನ ಕಲಬುರಗಿ ಪೀಠ ಶಾಲಾ ಆಡಳಿತದವರ ಮೇಲಿನ ಪ್ರಕರಣವನ್ನು ರದ್ದು ಮಾಡಿತು. ನಾಟಕ ನಡೆದದ್ದು ಶಾಲೆಯ ಆವರಣದೊಳಗೆ. ಮಕ್ಕಳ ಮಾತಿನಲ್ಲಿ ಹಿಂಸೆಗೆ ಕರೆ ಇರಲಿಲ್ಲ. ಮಾತು ಒರಟಾಗಿತ್ತು, ಅವಹೇಳನವೂ ಇತ್ತು, ಆದರೆ ಅದು ದೇಶದ್ರೋಹವಾಗುವುದಿಲ್ಲ. ಇಲ್ಲಿಯವರೆಗೆ ತೀರ್ಪು ನೇರವಾಗಿದೆ. ಆದರೆ ಅದೇ ತೀರ್ಪು ಶಾಲೆಗಳಿಗೆ ಒಂದು ಬುದ್ಧಿಮಾತನ್ನೂ ಹೇಳುತ್ತದೆ. ಮಕ್ಕಳನ್ನು ಸರ್ಕಾರದ ನೀತಿ ಟೀಕಿಸುವುದರಿಂದ ದೂರ ಇಡಿ. ಪ್ರಸಕ್ತ ರಾಜಕೀಯ ವಿಷಯಗಳು ಎಳೆಯ ಮನಸ್ಸನ್ನು ಕೆಡಿಸುತ್ತವೆ. ಅದರ ಬದಲು ಜ್ಞಾನ, ತಂತ್ರಜ್ಞಾನದಂಥವನ್ನು ಕೊಡಿ.

ಈ ಸಲಹೆ ಆದೇಶವಲ್ಲ. ಅದನ್ನು ಪಾಲಿಸದಿದ್ದರೆ ಶಿಕ್ಷೆ ಇಲ್ಲ. ಆದರೆ ಜಿಲ್ಲೆಯ ಒಂದು ಮೂಲೆಯಲ್ಲಿ ಕೂತ ಮುಖ್ಯಶಿಕ್ಷಕರು ಆ ಸುದ್ದಿ ಓದಿ ಏನು ತೀರ್ಮಾನ ಮಾಡುತ್ತಾರೆ? ಖುಲಾಸೆಯ ಭಾಗ ಅವರಿಗೆ ನೆನಪಿರುವುದಿಲ್ಲ. ಜೈಲು ಮತ್ತು ಬುದ್ಧಿಮಾತು ಎರಡು ನೆನಪಿರುತ್ತವೆ. ಮುಂದಿನ ವಾರ್ಷಿಕೋತ್ಸವಕ್ಕೆ ಪರಿಸರದ ನಾಟಕವೇ ಸಾಕು ಎನ್ನುತ್ತಾರೆ. ಅದೂ ಗಣಿ, ಕಾರ್ಖಾನೆ ಅಂತ ಯಾರ ಹೆಸರೂ ಬಾರದ ಪರಿಸರದ ನಾಟಕ.

ಬೀದರ್‌ಗಿಂತ ಸುಮಾರು ಒಂದು ತಿಂಗಳು ಮೊದಲು, 2019ರ ಡಿಸೆಂಬರ್‌ನಲ್ಲಿ, ದಕ್ಷಿಣ ಕನ್ನಡದ ಕಲ್ಲಡ್ಕದ ಒಂದು ಶಾಲೆಯ ಕ್ರೀಡೋತ್ಸವದಲ್ಲಿ ವಿದ್ಯಾರ್ಥಿಗಳು ಬಾಬರಿ ಮಸೀದಿ ಕೆಡವಿದ ದೃಶ್ಯವನ್ನು ಆಡಿ ತೋರಿಸಿದ್ದರು. ವೇದಿಕೆಯಲ್ಲಿ ಕೇಂದ್ರ ಸಚಿವರೂ, ಪುದುಚೇರಿಯ ಉಪರಾಜ್ಯಪಾಲರೂ ಇದ್ದರು. ಅಲ್ಲೂ ಪೊಲೀಸ್ ಪ್ರಕರಣ ದಾಖಲಾಯಿತು, ಧಾರ್ಮಿಕ ಭಾವನೆಗೆ ಧಕ್ಕೆ ತಂದ ಕಲಂಗಳ ಅಡಿಯಲ್ಲಿ. ಬೀದರ್ ನಾಟಕವನ್ನು ಸಮರ್ಥಿಸಿದವರಲ್ಲಿ ಅನೇಕರು ಕಲ್ಲಡ್ಕದ್ದನ್ನು ಖಂಡಿಸಿದರು. ಕಲ್ಲಡ್ಕದ್ದು ಬರೀ ಇತಿಹಾಸ ಎಂದವರು ಬೀದರ್‌ನದು ದೇಶದ್ರೋಹ ಎಂದರು. ಎರಡನ್ನೂ ಒಂದೇ ಅಳತೆಗೋಲಿನಲ್ಲಿ ಅಳೆದವರು ಕಡಿಮೆ.

ಎರಡೂ ಒಂದೇ ಎಂದು ನಾನು ಹೇಳುತ್ತಿಲ್ಲ. ಒಂದು ನಾಟಕ ಸರ್ಕಾರದ ಕಾಯ್ದೆಯ ವಿರುದ್ಧವಿತ್ತು. ಇನ್ನೊಂದು ದೇಶದ ಇನ್ನೊಂದು ಸಮುದಾಯದ ನೋವನ್ನು ಸಂಭ್ರಮವಾಗಿ ತೋರಿಸಿತು. ತರಗತಿಯಲ್ಲಿ ಪಕ್ಕದ ಬೆಂಚಿನಲ್ಲಿ ಕೂರುವ ಮಗುವಿನ ಮೇಲೆ ಎರಡರ ಪರಿಣಾಮ ಬೇರೆ ಬೇರೆ. ಆದರೆ ಒಂದು ವಿಷಯದಲ್ಲಿ ಅವು ಅಕ್ಕಪಕ್ಕದವೇ. ಎರಡರಲ್ಲೂ ವೇದಿಕೆ ಶಾಲೆಯದು, ತಾಲೀಮು ಶಾಲೆಯದು. ಹಾಗಾಗಿ ಇವೆರಡನ್ನೂ ‘ಮಕ್ಕಳ ವಾಕ್ ಸ್ವಾತಂತ್ರ್ಯ’ ಎನ್ನುವುದು ಪೂರ್ತಿ ಸರಿಯಲ್ಲ. ಅದು ಬಹುಪಾಲು ಶಾಲೆಯ ಮಾತು. ಶಾಲೆಯ ಮಾತಿಗೆ ಶಾಲೆ ಹೊಣೆ ಹೊರಬೇಕು, ಅದನ್ನು ಟೀಕಿಸಬಹುದು, ಪ್ರಶ್ನಿಸಬಹುದು. ಮಕ್ಕಳನ್ನು ಪೊಲೀಸರ ಮುಂದೆ ಕೂರಿಸುವುದು ಮಾತ್ರ ಯಾವ ಲೆಕ್ಕಕ್ಕೂ ಸಲ್ಲದು.

ಹಿಜಾಬ್ ಪ್ರಕರಣದ ಧಾರ್ಮಿಕ ಪ್ರಶ್ನೆಯನ್ನು ಇಲ್ಲಿ ಎತ್ತುವುದಿಲ್ಲ, ಅದು ಬೇರೆಯೇ ಲೇಖನ. ಆದರೆ ತರಗತಿಯಲ್ಲಿ ಹಿಜಾಬ್ ನಿರ್ಬಂಧವನ್ನು ಎತ್ತಿಹಿಡಿದ 2022ರ ಮಾರ್ಚ್ 15ರ ಹೈಕೋರ್ಟ್ ತೀರ್ಪಿನಲ್ಲಿ ಶಾಲೆಯ ಬಗ್ಗೆ ಒಂದು ದೃಷ್ಟಿ ಇದೆ. ಶಾಲೆಯನ್ನು ಅದು ಕೋರ್ಟು, ಯುದ್ಧಕೋಣೆ, ಸೇನಾ ಶಿಬಿರಗಳ ಸಾಲಿನಲ್ಲಿ ಇಡುತ್ತದೆ. ಇಂಥ ಜಾಗಗಳಲ್ಲಿ ಶಿಸ್ತಿಗೆ ತಕ್ಕಂತೆ ವ್ಯಕ್ತಿಯ ಸ್ವಾತಂತ್ರ್ಯ ಕುಗ್ಗುತ್ತದೆ ಎನ್ನುತ್ತದೆ. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿಗೆ ಹೋದರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟ್ ತೀರ್ಪನ್ನು ಒಪ್ಪಿದರು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಬಿಜೋ ಇಮ್ಯಾನುಯೆಲ್ ತೀರ್ಪನ್ನು ಮುಂದಿಟ್ಟು ಬೇರೆ ಮಾತು ಹೇಳಿದರು. ಅಂದರೆ ಶಾಲೆ ಸೇನಾ ಶಿಬಿರಕ್ಕೆ ಹತ್ತಿರವೋ, ಊರಿನ ಚಾವಡಿಗೆ ಹತ್ತಿರವೋ ಎಂಬುದು ನಮ್ಮ ಕೋರ್ಟುಗಳಲ್ಲೇ ಇತ್ಯರ್ಥವಾಗಿಲ್ಲ.

ಕಪ್ಪು ಪಟ್ಟಿಯ ಲೆಕ್ಕ

ಈ ವಿಷಯದಲ್ಲಿ ಜಗತ್ತಿನಲ್ಲೇ ಹೆಚ್ಚು ಚರ್ಚೆಯಾದ ಪ್ರಕರಣ ಅಮೆರಿಕದ ಅಯೋವಾ ರಾಜ್ಯದ್ದು. 1965ರ ಡಿಸೆಂಬರ್‌ನಲ್ಲಿ ಡಿಮಾಯ್ನ್ ನಗರದ ಕೆಲವು ವಿದ್ಯಾರ್ಥಿಗಳು ವಿಯೆಟ್ನಾಂ ಯುದ್ಧ ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಬರಲು ಯೋಚಿಸಿದರು. ಸುದ್ದಿ ತಿಳಿದ ಪ್ರಾಂಶುಪಾಲರು ಸಭೆ ಸೇರಿ, ಕಪ್ಪು ಪಟ್ಟಿ ನಿಷೇಧ ಎಂದು ಮೊದಲೇ ನಿಯಮ ಮಾಡಿದರು. ಮೇರಿ ಬೆತ್ ಟಿಂಕರ್ ಆಗ 13ರ ಹುಡುಗಿ. ಅವಳೂ, ಅವಳ ಅಣ್ಣನೂ, ಇನ್ನು ಕೆಲವರೂ ಪಟ್ಟಿ ಕಟ್ಟಿಕೊಂಡೇ ಬಂದರು. ಐವರನ್ನು ಸಸ್ಪೆಂಡ್ ಮಾಡಿದರು.

1969ರ ಫೆಬ್ರವರಿ 24ರಂದು ಅಮೆರಿಕದ ಸುಪ್ರೀಂ ಕೋರ್ಟ್ 7-2ರಲ್ಲಿ ಮಕ್ಕಳ ಪರ ನಿಂತಿತು. ವಿದ್ಯಾರ್ಥಿಗಳು ತಮ್ಮ ಹಕ್ಕನ್ನು ಶಾಲೆಯ ಗೇಟಿನಲ್ಲಿ ಬಿಟ್ಟು ಒಳಗೆ ಬರುವುದಿಲ್ಲ ಎಂಬುದು ಆ ತೀರ್ಪಿನ ಹೆಸರಾದ ಮಾತು. ಕೆಲಸಕ್ಕೆ ಬರುವುದು ಅದರ ಹಿಂದಿನ ಲೆಕ್ಕ. ಗಲಾಟೆಯಾದೀತು ಎಂಬ ಭಯ ಸಾಲದು. ಪಾಠ ಪ್ರವಚನಕ್ಕೆ ನಿಜವಾಗಿ ದೊಡ್ಡ ಅಡ್ಡಿಯಾಗುತ್ತದೆ, ಅಥವಾ ಬೇರೆ ಮಕ್ಕಳ ಹಕ್ಕಿಗೆ ಪೆಟ್ಟು ಬೀಳುತ್ತದೆ ಎಂದು ಶಾಲೆ ತೋರಿಸಬೇಕು. ತೋರಿಸುವ ಹೊಣೆ ಶಾಲೆಯದು. ಅದೇ ಶಾಲೆಗಳು ಚುನಾವಣೆಯ ಬ್ಯಾಡ್ಜುಗಳನ್ನು ಬಿಟ್ಟಿದ್ದವು, ಕಪ್ಪು ಪಟ್ಟಿಯನ್ನು ಮಾತ್ರ ತಡೆದವು ಎಂಬುದನ್ನೂ ಕೋರ್ಟ್ ಗುರುತಿಸಿತು. ಒಂದು ಅಭಿಪ್ರಾಯಕ್ಕೆ ಬಾಗಿಲು ತೆರೆದು ಇನ್ನೊಂದಕ್ಕೆ ಮುಚ್ಚಿದರೆ ಅದು ಶಿಸ್ತಲ್ಲ, ಪಕ್ಷಪಾತ.

ಆಮೇಲಿನ ದಶಕಗಳಲ್ಲಿ ಅಲ್ಲಿನ ಕೋರ್ಟೇ ಈ ಹಕ್ಕನ್ನು ಸಾಕಷ್ಟು ಕತ್ತರಿಸಿತು. 1986ರಲ್ಲಿ ಅಶ್ಲೀಲ ಭಾಷಣ, 1988ರಲ್ಲಿ ಶಾಲಾ ಪತ್ರಿಕೆ, 2007ರಲ್ಲಿ ಮಾದಕ ವಸ್ತುವನ್ನು ಹೊಗಳಿದಂತಿದ್ದ ಬ್ಯಾನರ್. ಮೂರರಲ್ಲೂ ಶಾಲೆ ಗೆದ್ದಿತು. 2021ರಲ್ಲಿ ಗಾಳಿ ಸ್ವಲ್ಪ ತಿರುಗಿತು. ಪೆನ್ಸಿಲ್ವೇನಿಯಾದ ಒಬ್ಬ ವಿದ್ಯಾರ್ಥಿನಿ ಚಿಯರ್‌ಲೀಡಿಂಗ್ ತಂಡದ ಮೇಲಿನ ಸಿಟ್ಟಿಗೆ, ಶನಿವಾರ, ಶಾಲೆಯ ಹೊರಗೆ, ಸ್ನ್ಯಾಪ್‌ಚಾಟ್‌ನಲ್ಲಿ ಬೈದು ಬರೆದಳು. ಶಾಲೆ ಅವಳನ್ನು ಒಂದು ವರ್ಷ ತಂಡದಿಂದ ಹೊರಗಿಟ್ಟಿತು. ಕೋರ್ಟ್ 8-1ರಲ್ಲಿ ಶಾಲೆಯ ಕ್ರಮ ತಪ್ಪು ಎಂದಿತು. ಮನೆಯಲ್ಲೂ, ಬೀದಿಯಲ್ಲೂ, ಫೋನಿನಲ್ಲೂ ಶಾಲೆಯೇ ಕಾವಲಿದ್ದರೆ ಮಗುವಿಗೆ ಮಾತಾಡಲು ದಿನದ 24 ಗಂಟೆಯಲ್ಲಿ ಒಂದು ಜಾಗವೂ ಉಳಿಯುವುದಿಲ್ಲ ಎಂಬುದು ಅಲ್ಲಿನ ತರ್ಕ. ಮಕ್ಕಳ ವಾಟ್ಸಾಪ್ ಸ್ಟೇಟಸ್ ನೋಡಿ ಮರುದಿನ ಸ್ಟಾಫ್ ರೂಮಿಗೆ ಕರೆಸುವ ನಮ್ಮ ಶಾಲೆಗಳೂ ಈ ತರ್ಕವನ್ನು ಒಮ್ಮೆ ಓದಬೇಕು.

ಅಮೆರಿಕದ ಸೂತ್ರವನ್ನು ಹಾಗೇ ತಂದು ಇಲ್ಲಿ ನೆಡೋಣ ಎನ್ನುವವನಲ್ಲ ನಾನು. ಅದರಲ್ಲಿ ಒಂದು ದೊಡ್ಡ ತೂತಿದೆ. 2010ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಹೈಸ್ಕೂಲಿನಲ್ಲಿ, ಮೆಕ್ಸಿಕನ್ ಮೂಲದವರು ಆಚರಿಸುವ ಹಬ್ಬದ ದಿನ ಕೆಲವು ಹುಡುಗರು ಅಮೆರಿಕದ ಬಾವುಟದ ಟೀಶರ್ಟ್ ಹಾಕಿಕೊಂಡು ಬಂದರು. ಜಗಳವಾಗಬಹುದು ಎಂದು ಶಾಲೆ ಆ ಟೀಶರ್ಟುಗಳನ್ನೇ ತಡೆಯಿತು. 2014ರಲ್ಲಿ ಮೇಲ್ಮನವಿ ಕೋರ್ಟ್ ಶಾಲೆಯದು ಸರಿ ಎಂದಿತು. ತಮ್ಮದೇ ದೇಶದ ಬಾವುಟಕ್ಕೆ! ಆ ಹುಡುಗರ ಉದ್ದೇಶ ಕೆಣಕುವುದೇ ಆಗಿದ್ದಿರಬಹುದು. ಆದರೂ ಇದರ ಪರಿಣಾಮ ನೋಡಿ. ಅಡ್ಡಿಯಾಗುತ್ತದೆ ಎಂಬುದೇ ಅಳತೆಯಾದರೆ, ಎದುರಿನವರು ಜೋರಾಗಿ ಗಲಾಟೆ ಮಾಡಿದಷ್ಟೂ ಮಾತಾಡಿದವನ ಬಾಯಿ ಮುಚ್ಚಿಸುವುದು ಸುಲಭ. ಕಲ್ಲು ತೂರುವ ಸಾಮರ್ಥ್ಯ ಇದ್ದವರಿಗೆ ವೀಟೊ ಕೊಟ್ಟ ಹಾಗೆ.

ಇದು ನಮ್ಮಲ್ಲಿ ಇನ್ನೂ ಅಪಾಯ. ಇಲ್ಲಿ ಗಲಾಟೆ ಹುಟ್ಟುವುದು ತರಗತಿಯೊಳಗಲ್ಲ. ಒಂದು ವಿಡಿಯೊ ಹೊರಗೆ ಹೋಗುತ್ತದೆ, ಸಂಜೆಗೆ ಶಾಲೆಯ ಗೇಟಿನ ಮುಂದೆ ಯಾವುದೋ ಸಂಘಟನೆಯ 50 ಜನ ನಿಂತಿರುತ್ತಾರೆ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಬರುತ್ತಾರೆ, ಶಿಕ್ಷಕರ ಅಮಾನತು ಆಗುತ್ತದೆ, ‘ಪರಿಸ್ಥಿತಿ ತಿಳಿಯಾಗುತ್ತದೆ’. ಮಗು ಏನು ಹೇಳಿತ್ತು ಎಂಬುದು ಅಷ್ಟರಲ್ಲಿ ಯಾರಿಗೂ ಬೇಕಿರುವುದಿಲ್ಲ. ಆದ್ದರಿಂದ ಅಲ್ಲಿಂದ ನಾವು ಕಲಿಯಬೇಕಾದದ್ದು ಒಂದೇ ಭಾಗ: ಕಾರಣ ತೋರಿಸುವ ಹೊಣೆ ಶಾಲೆಯದು. ಆ ಕಾರಣ ಮಗುವಿನ ಮಾತಿನಲ್ಲೇ ಇರಬೇಕು, ಹೊರಗಿನವರ ಸಿಟ್ಟಿನಲ್ಲಲ್ಲ. ಬೈಗುಳ, ಬೆದರಿಕೆ, ಜಾತಿ ಹಿಡಿದು ಹೀಯಾಳಿಸುವುದು, ಸಹಪಾಠಿಯ ಧರ್ಮವನ್ನು ಕೆಣಕುವುದು ಇವುಗಳನ್ನು ಶಾಲೆ ತಡೆಯಲೇಬೇಕು. ಅಲ್ಲಿ ಇನ್ನೊಂದು ಮಗುವಿಗೆ ನೇರ ಪೆಟ್ಟು ಬೀಳುತ್ತದೆ. ಸರ್ಕಾರದ ನೀತಿ ಸರಿಯಿಲ್ಲ, ಅಥವಾ ಬಹಳ ಸರಿಯಿದೆ, ಎನ್ನುವುದರಿಂದ ಯಾವ ಸಹಪಾಠಿಗೂ ಪೆಟ್ಟಾಗುವುದಿಲ್ಲ.

ಮೇಷ್ಟ್ರು ಏನು ಮಾಡಬೇಕು?

ಇಲ್ಲಿ ಶಿಕ್ಷಕರ ಕಷ್ಟ ನಿಜವಾದದ್ದು. ಸರ್ಕಾರಿ ಶಿಕ್ಷಕರ ಮೇಲೆ ನಡತೆ ನಿಯಮಗಳಿವೆ. ಪಕ್ಷ ರಾಜಕೀಯದಲ್ಲಿ ಭಾಗವಹಿಸುವಂತಿಲ್ಲ. ಖಾಸಗಿ ಶಾಲೆಯ ಶಿಕ್ಷಕರಿಗೆ ಕೆಲಸವೇ ಗಟ್ಟಿಯಿಲ್ಲ. ತರಗತಿಯಲ್ಲಿ ಒಂದು ಮಾತು ಹೆಚ್ಚು ಕಡಿಮೆಯಾದರೆ ಯಾರೋ ರೆಕಾರ್ಡ್ ಮಾಡಿರುತ್ತಾರೆ. ಇಷ್ಟೆಲ್ಲ ಇರುವಾಗ ‘ಪಾಠಕ್ಕೆ ಬನ್ನಿ’ ಎಂದು ವಿಷಯ ತಿರುಗಿಸುವವರನ್ನು ಹೇಡಿಗಳು ಎನ್ನಲಾಗದು.

ಜರ್ಮನಿಯವರಿಗೆ ಇದಕ್ಕೊಂದು ದಾರಿ ಸಿಕ್ಕಿದೆ. ಶಾಲೆಗಳ ಮೂಲಕ ಒಂದಿಡೀ ಪೀಳಿಗೆಯನ್ನು ನಾಜಿಗಳು ಹೇಗೆ ತಿದ್ದಿದರು ಎಂಬ ಅನುಭವ ಅವರಿಗಿತ್ತು. 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಸೇರಿದ ಶಿಕ್ಷಣದವರು ಮೂರು ತತ್ವಗಳಿಗೆ ಬಂದರು. ಶಿಕ್ಷಕರು ತಮ್ಮ ಅಭಿಪ್ರಾಯವನ್ನು ವಿದ್ಯಾರ್ಥಿಯ ಮೇಲೆ ಹೇರುವಂತಿಲ್ಲ. ಸಮಾಜದಲ್ಲಿ ಜಗಳ ಇರುವ ವಿಷಯವನ್ನು ತರಗತಿಯಲ್ಲೂ ಜಗಳ ಇರುವ ವಿಷಯವಾಗಿಯೇ ಕಲಿಸಬೇಕು. ಒಂದು ರಾಜಕೀಯ ಸ್ಥಿತಿಯನ್ನು ನೋಡಿ, ಅದರಲ್ಲಿ ತನ್ನ ಹಿತ ಏನು ಎಂದು ಅಳೆಯಲು ವಿದ್ಯಾರ್ಥಿಗೆ ಬರಬೇಕು. ಎರಡನೆಯದೇ ಇದರಲ್ಲಿ ಜಾಣತನದ್ದು. ಮೇಷ್ಟ್ರು ತಟಸ್ಥವಾಗಿರಬೇಕು ಎಂದರೆ ಸುಮ್ನೆ ಇರಬೇಕು ಎಂದಲ್ಲ. ಎರಡೂ ಕಡೆಯ ಗಟ್ಟಿ ವಾದವನ್ನು ಮೇಜಿನ ಮೇಲೆ ಇಡಬೇಕು.

ನಮ್ಮ ಕಾನೂನಿನಲ್ಲೂ ಇದಕ್ಕೆ ಬೀಜ ಇದೆ, ಯಾರೂ ನೋಡುವುದಿಲ್ಲ ಅಷ್ಟೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಎಂದರೆ ಎಲ್ಲರಿಗೂ ಖಾಸಗಿ ಶಾಲೆಯ ಶೇ 25 ಸೀಟು ನೆನಪಾಗುತ್ತದೆ. ಅದರ 29ನೇ ಕಲಂ ಓದಿ. ಪಠ್ಯಕ್ರಮ ಮಾಡುವವರು ಗಮನದಲ್ಲಿಡಬೇಕಾದ ಸಂಗತಿಗಳಲ್ಲಿ ಇದೂ ಒಂದು: ಮಗುವನ್ನು ಭಯ, ಆಘಾತ, ಆತಂಕದಿಂದ ಬಿಡಿಸಿ, ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗುವುದು. ಸಂಸತ್ತು ಮಾಡಿದ ಕಾನೂನಿನ ಮಾತು ಇದು. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ ಸೇರಿದ್ದು 1992ರಲ್ಲಿ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯಕ್ಕೆ ವಯಸ್ಸಿಗೆ ತಕ್ಕ ತೂಕ ಕೊಡಬೇಕು ಎಂದು ಅದರ 12ನೇ ವಿಧಿ ಹೇಳುತ್ತದೆ. ಇದಕ್ಕೆ ಅಮೆರಿಕ ಇವತ್ತಿಗೂ ಅನುಮೋದನೆ ಕೊಟ್ಟಿಲ್ಲ. ಈ ಒಂದು ವಿಷಯದಲ್ಲಿ ಕಾಗದದ ಮೇಲಾದರೂ ನಾವು ಮುಂದಿದ್ದೇವೆ.

ದೊಡ್ಡವರು ಮಕ್ಕಳನ್ನು ಬಳಸಿಕೊಳ್ಳುವುದು ಇದರ ಇನ್ನೊಂದು ಮುಖ. 2024ರ ಲೋಕಸಭಾ ಚುನಾವಣೆಗೆ ಮೊದಲು, ಫೆಬ್ರವರಿ 5ರಂದು, ಚುನಾವಣಾ ಆಯೋಗ ಪಕ್ಷಗಳಿಗೆ ಎಚ್ಚರಿಕೆ ಕೊಟ್ಟಿತು. ಪ್ರಚಾರಕ್ಕೆ ಮಕ್ಕಳನ್ನು ಬಳಸುವಂತಿಲ್ಲ. ಎತ್ತಿಕೊಳ್ಳುವುದು, ಘೋಷಣೆ ಕೂಗಿಸುವುದು, ಕರಪತ್ರ ಹಂಚಿಸುವುದು ಯಾವುದೂ ಕೂಡದು. ಒಳ್ಳೆಯದೇ. ಆದರೆ ಚುನಾವಣೆ ಇಲ್ಲದ ದಿನಗಳಲ್ಲಿ ಮಂತ್ರಿಗಳ ಸ್ವಾಗತಕ್ಕೆ ಬಿಸಿಲಲ್ಲಿ ಸಾಲು ನಿಲ್ಲಿಸುವುದು, ಜಾಥಾಕ್ಕೆ ಫಲಕ ಹಿಡಿಸಿ ನಡೆಸುವುದು? ಅದನ್ನು ಯಾರೂ ರಾಜಕೀಯ ಎನ್ನುವುದಿಲ್ಲ. ಫಲಕದ ಮೇಲಿನ ಬರಹ ಇಲಾಖೆಯದಾದರೆ ಅದು ಜಾಗೃತಿ. ‘ನಮ್ಮೂರಿಗೆ ಬಸ್ ಬಿಡಿ’ ಎಂದು ಮಕ್ಕಳೇ ಬರೆದು ರಸ್ತೆಯಲ್ಲಿ ಕೂತರೆ ಅದು ಪ್ರತಿಭಟನೆ. ಹಳ್ಳಿಗಳಿಂದ ಹೈಸ್ಕೂಲಿಗೆ, ಪಿಯುಗೆ ಓಡಾಡುವ ವಿದ್ಯಾರ್ಥಿಗಳು ಬಸ್ಸಿಗಾಗಿ ರಸ್ತೆ ತಡೆ ಮಾಡಿದ ಸುದ್ದಿಗಳನ್ನು ನೋಡಿ. ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿ ರಾಜಕಾರಣ ಹೆಚ್ಚಾಗಿ ಇರುವುದು ಇಂಥ ಕಡೆ, ಸಿದ್ಧಾಂತದ ಜಗಳದಲ್ಲಲ್ಲ.

ಮಕ್ಕಳ ಗ್ರಾಮಸಭೆ ಇದಕ್ಕೊಂದು ದಾರಿಯಾಗಬಹುದಿತ್ತು. ಅಲ್ಲಲ್ಲಿ ಆಗಿದೆ ಕೂಡ. ಕುಂದಾಪುರದ ಕಡೆ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿ ಪ್ರಯೋಗ ನಡೆದಿತ್ತು. 2006ರಲ್ಲಿ ಸರ್ಕಾರ ಆದೇಶ ಮಾಡಿ, ರಾಜ್ಯದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು ಎಂದಿತು. ಚೆನ್ನಾಗಿ ನಡೆದ ಕಡೆ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬೆವರುತ್ತಾರೆ. ಶಾಲೆ ಪಕ್ಕದ ಮದ್ಯದಂಗಡಿ, ಬೀದಿದೀಪ, ಕಾಲುಸಂಕ, ಕಾಂಪೌಂಡು, ಕುಡಿಯುವ ನೀರು. ಚೆನ್ನಾಗಿ ನಡೆಯದ ಕಡೆ ಮೇಷ್ಟ್ರು ಬರೆದುಕೊಟ್ಟ ಚೀಟಿಯನ್ನು ಮಕ್ಕಳು ಓದುತ್ತಾರೆ, ಬಿಸ್ಕತ್ತು ಹಂಚುತ್ತಾರೆ, ಮುಗಿಯಿತು. ಹೋದ ವರ್ಷ ಕೇಳಿದ್ದಕ್ಕೆ ಏನಾಯಿತು ಎಂಬ ಉತ್ತರವನ್ನು ಈ ವರ್ಷದ ಸಭೆಯಲ್ಲಿ ಮೊದಲು ಓದಬೇಕು ಎಂದು ಕಟ್ಟುನಿಟ್ಟು ಮಾಡಿದರೆ ಸಾಕು, ಸಭೆಯ ಬಣ್ಣವೇ ಬದಲಾಗುತ್ತದೆ.

ಇನ್ನು ಕಾಲೇಜುಗಳ ಕಥೆ. ಕರ್ನಾಟಕದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗಳು 1989ರ ಹೊತ್ತಿಗೆ ನಿಂತವು. ಹೊಡೆದಾಟ ಆಗ ಕೊಟ್ಟ ಕಾರಣ. ಅದೇ ವರ್ಷ ದೇಶದಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು! 2006ರಲ್ಲಿ ಲಿಂಗ್ಡೊ ಸಮಿತಿ ಇಂಥ ಚುನಾವಣೆಗಳಿಗೆ ನಿಯಮ ಮಾಡಿಕೊಟ್ಟಿತು. ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು, ಪಕ್ಷಗಳ ಹಣ ಬರಬಾರದು ಎಂದಿತು. ಜಾರಿ ಮಾಡಿ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕೇರಳ ಇನ್ನೊಂದು ತುದಿ. ಅಲ್ಲಿ ಶಾಲೆಗಳಲ್ಲೂ ಸಂಘಟನೆಗಳು ಗಟ್ಟಿ, ಮುಷ್ಕರಕ್ಕೆ ತರಗತಿ ನಿಲ್ಲುವುದೂ ಜಾಸ್ತಿ. ಸಹಿಸಲಾಗದೆ 2020ರ ಫೆಬ್ರವರಿಯಲ್ಲಿ ಅಲ್ಲಿನ ಹೈಕೋರ್ಟ್ ಆವರಣದೊಳಗೆ ಧರಣಿ, ಘೇರಾವ್ ಕೂಡದು ಎಂದಿತು. ಓದಬೇಕೆಂದು ಬಂದ ಮಗುವಿನ ಹಕ್ಕನ್ನು ಆ ತೀರ್ಪು ಮುಂದಿಟ್ಟಿತು. ಅದನ್ನು ತಳ್ಳಿಹಾಕಲು ಆಗದು. ತಾನು ಮಾತಾಡುವುದು ಬೇರೆ, ಬೇರೆಯವರ ತರಗತಿ ಮುಚ್ಚಿಸುವುದು ಬೇರೆ.

ಮೈಸೂರಿನಲ್ಲಿ ರಾಮಸ್ವಾಮಿ ವೃತ್ತ ಇದೆ. ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು ನಡೆದ 1947ರ ಮೈಸೂರು ಚಲೋ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರು ಅದು. ಹುಬ್ಬಳ್ಳಿಯಲ್ಲಿ ನಾರಾಯಣ ಡೋಣಿ ಎಂಬ ಬಾಲಕ 1942ರಲ್ಲಿ ಸತ್ತದ್ದೂ ಹೀಗೆಯೇ. ಆಗಸ್ಟ್ 15ರಂದು ಇಂಥವರ ಬಗ್ಗೆ ಮಕ್ಕಳಿಂದ ಭಾಷಣ ಮಾಡಿಸುತ್ತೇವೆ. ಆ ಭಾಷಣ ಬಾಯಿಪಾಠ ಮಾಡಿದ ಹುಡುಗ ಆಗಸ್ಟ್ 16ರಂದು ಸ್ಕಾಲರ್‌ಶಿಪ್ ಯಾಕೆ ಬಂದಿಲ್ಲ ಎಂದು ಬೋರ್ಡಿನ ಮೇಲೆ ಬರೆದರೆ ಏನು ಮಾಡುತ್ತೇವೆ ಎಂಬುದು ನಮಗೆಲ್ಲ ಗೊತ್ತಿದೆ, ಅಲ್ವಾ?

ಪೋಷಕರಿಗೆ ಕೆಲಸಕ್ಕೆ ಬರುವ ಕೆಲವು ಮಾತು ಹೇಳಿ ಮುಗಿಸುತ್ತೇನೆ. ಒಂದು ಅಭಿಪ್ರಾಯ ಹೇಳಿದ್ದಕ್ಕೆ ಮಗುವಿನ ಮೇಲೆ ಕ್ರಮ ತೆಗೆದುಕೊಂಡರೆ, ಯಾವ ನಿಯಮದ ಪ್ರಕಾರ ಎಂದು ಬರವಣಿಗೆಯಲ್ಲಿ ಕೇಳಿ. ಬಹಳ ಸಲ ಕಥೆ ಅಲ್ಲಿಗೇ ನಿಲ್ಲುತ್ತದೆ, ಯಾಕೆಂದರೆ ತೋರಿಸಲು ನಿಯಮವೇ ಇರುವುದಿಲ್ಲ. 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಹೇಳುತ್ತದೆ. ಎಲ್ಲರ ಮುಂದೆ ಕ್ಷಮೆ ಕೇಳಿಸಿ ಅವಮಾನ ಮಾಡಿದರೆ, 17ನೇ ಕಲಂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಸರ್ಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ (ಎಸ್‌ಡಿಎಂಸಿ) ವಿಷಯ ಎತ್ತಿ, ಆಮೇಲೆ ಬಿಇಒ ಕಚೇರಿ. ಅಲ್ಲೂ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ದೂರು ಕೊಡಬಹುದು. ಪೊಲೀಸರು ಮಗುವಿನ ಜೊತೆ ಮಾತಾಡಬೇಕು ಎಂದರೆ ಸಮವಸ್ತ್ರದಲ್ಲಿ ಬರಬೇಡಿ ಎಂದು ಕೇಳುವ ಹಕ್ಕು ನಿಮಗಿದೆ. ಆದರೆ ಪಿಯು ವಿದ್ಯಾರ್ಥಿಗಳಿಗೆ ಶಿಕ್ಷಣ ಹಕ್ಕು ಕಾಯ್ದೆಯ ಈ ಆಸರೆ ಇಲ್ಲ, ಅದು 6ರಿಂದ 14 ವರ್ಷದವರಿಗೆ. ರಾಜಕೀಯ ಅರ್ಥವಾಗಲು ಶುರುವಾಗುವ 15ರಿಂದ 18ರ ವಯಸ್ಸಿನಲ್ಲೇ ರಕ್ಷಣೆ ತೆಳುವಾಗುತ್ತದೆ. ಇಲಾಖೆ ಹೊಸದಾಗಿ ನಿಯಮ ಬರೆಯುವುದಾದರೆ ಅಲ್ಲಿಂದಲೇ ಶುರು ಮಾಡಬೇಕು.